ಹೂವಿನ ಮುಷ್ಟಿ, ಕಸೂತಿಯ ಕಾಲು: ಚೀನೀ ಕತ್ತಿವರಸೆ ಚಿತ್ರಗಳಲ್ಲಿ ಅಂದ ಎಷ್ಟು, ತಿರುಳು ಎಷ್ಟು?

ಚೀನೀ ಭಾಷೆಯಲ್ಲಿ ಒಂದು ಕುಹಕದ ಮಾತಿದೆ: ‘ಹುವಾ ಚ್ಯುವಾನ್, ಶಿಯೂ ತುಯಿ’. ಹೂವಿನ ಮುಷ್ಟಿ, ಕಸೂತಿಯ ಕಾಲು ಎಂದರ್ಥ. ನೋಡಲು ಸೊಗಸಾಗಿದ್ದು, ಎದುರಾಳಿ ಮೈಮೇಲೆ ಬಂದಾಗ ಕೆಲಸಕ್ಕೆ ಬಾರದ ವರಸೆಗೆ ಹೀಗೆನ್ನುತ್ತಾರೆ. ಮಿಂಗ್ ಕಾಲದ ಸೇನಾಪತಿ ಚೀ ಜಿಗುವಾಂಗ್ 16ನೇ ಶತಮಾನದಲ್ಲಿ ಕರಾವಳಿಯ ಕಡಲ್ಗಳ್ಳರನ್ನು ಎದುರಿಸಲು ಹಳ್ಳಿಯ ಹುಡುಗರನ್ನು ಪಳಗಿಸಿದವನು. ಹೂವಿನಂಥ ಕೈಚಳಕ ರಣರಂಗದಲ್ಲಿ ನಡೆಯದು ಎಂದು ತನ್ನ ತರಬೇತಿ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಅಂದಕ್ಕೂ ತಿರುಳಿಗೂ ನಡುವಿನ ಈ ಜಗಳ ಸಿನಿಮಾ ಹುಟ್ಟುವುದಕ್ಕೆ ಮುನ್ನೂರು ವರ್ಷ ಮುಂಚಿನದು.

2002ರಲ್ಲಿ ಚೀನೀ ನಿರ್ದೇಶಕ ಝಾಂಗ್ ಯಿಮೌ ಅವರ ‘ಹೀರೋ’ ಬಂದಾಗ ಅದೇ ಜಗಳ ತೆರೆಗೆ ಬಂತು. ಕಣ್ಣಿಗೆ ಹಬ್ಬ, ಒಳಗೆ ಟೊಳ್ಳು ಎಂದು ಒಂದು ಗುಂಪು. ಕಣ್ಣಿಗೆ ಹಬ್ಬವಾದರೆ ಸಾಲದೇ ಎಂದು ಇನ್ನೊಂದು. ಈ ವಾದದಲ್ಲಿ ಎರಡೂ ಕಡೆಯವರು ಒಂದೇ ತಪ್ಪು ಮಾಡುತ್ತಾರೆ. ಅಂದ ಒಂದು ಡಬ್ಬಿಯಲ್ಲಿ, ತಿರುಳು ಇನ್ನೊಂದು ಡಬ್ಬಿಯಲ್ಲಿ ಇರುತ್ತದೆ, ನಿರ್ದೇಶಕ ಎರಡರಿಂದಲೂ ಅಳೆದು ಹಾಕುತ್ತಾನೆ ಎಂದುಕೊಳ್ಳುವುದೇ ಆ ತಪ್ಪು. ಇಂಥ ಚಿತ್ರಗಳಲ್ಲಿ ಹೊಡೆದಾಟವೇ ಮಾತು. ಒಂದು ಶಾಟ್ ಚೆಂದವಾಗಿದೆಯೋ ಇಲ್ಲವೋ ಎನ್ನುವುದಕ್ಕಿಂತ ಅದು ನಮಗೆ ಏನು ಹೇಳುತ್ತಿದೆ ಎಂದು ನೋಡಬೇಕು. ಯಾರು ಎಲ್ಲಿ ನಿಂತಿದ್ದಾರೆ? ಮೈಗೆ ಭಾರ ಇದೆಯೇ? ಪೆಟ್ಟು ತಿಂದವನು ಏನು ಕಳೆದುಕೊಂಡ? ಕತ್ತಿ ಒರೆಗೆ ಸೇರಿದ ಮೇಲೆ ಆ ಇಬ್ಬರ ನಡುವೆ ಏನಾದರೂ ಬದಲಾಯಿತೇ? ಈ ನಾಲ್ಕಕ್ಕೆ ಉತ್ತರ ಕೊಡುವ ಶಾಟ್ ಎಷ್ಟೇ ಅಲಂಕಾರದ್ದಾಗಿರಲಿ, ಅದರಲ್ಲಿ ತಿರುಳಿದೆ. ಕೊಡದಿದ್ದರೆ ಅದು ಕಸೂತಿಯ ಕಾಲು.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಚೀನೀ ಸಮರಕಲೆ ಚಿತ್ರಗಳಲ್ಲಿ ಎರಡು ಕವಲು. ‘ವುಶಿಯಾ’ ಕತ್ತಿಯ ಕಥೆ. ‘ವು’ ಎಂದರೆ ಸಮರವಿದ್ಯೆ, ‘ಶಿಯಾ’ ಎಂದರೆ ಕೊಟ್ಟ ಮಾತಿಗೂ ನ್ಯಾಯಕ್ಕೂ ಪ್ರಾಣ ಒತ್ತೆಯಿಡುವವನು. ಇಲ್ಲಿ ‘ಚಿಂಗ್‌ಗೊಂಗ್’ ಎಂಬ ಹಗುರಾಗುವ ವಿದ್ಯೆ ಉಂಟು. ಸಾಧಕರು ಸೂರಿನಿಂದ ಸೂರಿಗೆ ಜಿಗಿಯುತ್ತಾರೆ, ನೀರಿನ ಮೇಲೆ ಹೆಜ್ಜೆ ಹಾಕುತ್ತಾರೆ. ಇನ್ನೊಂದು ಕವಲು ಬರಿಗೈಯ ಕುಂಗ್ ಫೂ, 1971ರಿಂದ ಬ್ರೂಸ್ ಲೀ ಜಗತ್ತಿಗೆಲ್ಲ ಪರಿಚಯಿಸಿದ್ದು. ಅಲ್ಲಿ ಮೈಯೇ ಸಾಕ್ಷಿ. ವುಶಿಯಾ ನೋಡುತ್ತ ಮನುಷ್ಯ ಹೀಗೆ ಹಾರುತ್ತಾನೆಯೇ ಎಂದು ಕೇಳುವುದು ರಾಮಾಯಣದ ನಾಟಕಕ್ಕೆ ಹೋಗಿ ಹನುಮಂತ ಹೇಗೆ ಹಾರಿದ ಎಂದು ಕೇಳಿದ ಹಾಗೆ. ಹಾರಲಿ. ಹೇಗೆ ಹಾರಿದರು, ಎಷ್ಟು ಕಷ್ಟಪಟ್ಟು ಹಾರಿದರು ಎನ್ನುವುದನ್ನು ನೋಡಬೇಕು.

ರೋಪ್ ಹೇಳುವ ಸುಳ್ಳು

ನಟರನ್ನು ತಂತಿಗೆ ಕಟ್ಟಿ ಹಾರಿಸುವುದಕ್ಕೆ ನಮ್ಮ ಸ್ಟಂಟ್ ಮಾಸ್ಟರ್‌ಗಳ ಬಾಯಲ್ಲಿ ‘ರೋಪ್’ ಎಂದು ಹೆಸರು. ಹಾಂಗ್‌ಕಾಂಗ್ ತಂಡಗಳು ದಶಕಗಳ ಕಾಲ ತಿದ್ದಿ ತೀಡಿದ ಕೆಲಸ. ನಟಿಯ ನಿಲುವಂಗಿಯ ಒಳಗೆ ಸೊಂಟ, ತೊಡೆಗಳನ್ನು ಸುತ್ತುವ ಗಟ್ಟಿ ಪಟ್ಟಿ. ಅದರ ಕೊಂಡಿಗೆ ಸಿಕ್ಕಿಸಿದ ಉಕ್ಕಿನ ತಂತಿ ಮೇಲೆ ಕ್ರೇನಿನಲ್ಲಿರುವ ರಾಟೆಯ ಮೂಲಕ ಹಾದು ಆಚೆ ಕಡೆ ಇಳಿಯುತ್ತದೆ. ಅಲ್ಲಿ ಎಳೆಯುವವರು ನಿಂತಿರುತ್ತಾರೆ. ಬೆನ್ನಿಗೆ ಒಂದೇ ತಂತಿ ಇದ್ದರೆ ಮೈ ಬುಗುರಿಯಂತೆ ಸುತ್ತಿಬಿಡಬಹುದು. ಲಾಗ ಹಾಕಬೇಕಾದರೆ ಸೊಂಟದ ಎರಡೂ ಬದಿಗೆ ಒಂದೊಂದು ತಂತಿ ಬೇಕು.

ಕಷ್ಟವೆಲ್ಲ ಮೊದಲ ಅರ್ಧ ಸೆಕೆಂಡಿನಲ್ಲಿದೆ. ನಟಿ ತಾನೇ ಮಂಡಿ ಬಗ್ಗಿಸಿ ನೆಲವನ್ನು ಒದ್ದು ಮೇಲೇಳಬೇಕು. ಅವಳ ಕಾಲ್ಬೆರಳು ನೆಲ ಬಿಡುವ ಕ್ಷಣಕ್ಕೇ ಎಳೆತ ಶುರುವಾಗಬೇಕು. ಎಳೆತ ಮೊದಲೇ ಬಂದರೆ ಯಾರೋ ಕುತ್ತಿಗೆಪಟ್ಟಿ ಹಿಡಿದು ಎತ್ತಿದಂತೆ ಕಾಣುತ್ತದೆ. ತಡವಾದರೆ ಆಕೆ ಒಮ್ಮೆ ಮೇಲೇರಿ, ನಿಂತು, ಮತ್ತೆ ಏರುತ್ತಾಳೆ; ಗಾಳಿಯಲ್ಲಿ ಮೆಟ್ಟಿಲು ಹತ್ತಿದ ಹಾಗೆ. ಇಳಿಯುವಾಗಲೂ ಅಷ್ಟೇ. ತಂಡ ಹೆದರಿ ಮೆಲ್ಲಗೆ ಇಳಿಸಿದರೆ ಮಂಡಿ ಮಡಚುವುದಿಲ್ಲ, ಹಿಮ್ಮಡಿ ನೆಲ ಕುಟ್ಟುವುದಿಲ್ಲ, ಧೂಳು ಏಳುವುದಿಲ್ಲ. ಭಾರವಿಲ್ಲದ ಮೈ ನೆಲಕ್ಕೆ ಬಂದರೂ ನಮಗೆ ಏನೂ ಅನಿಸುವುದಿಲ್ಲ. ತಂತಿ ಎಲ್ಲಿದೆ ಎಂದು ಹುಡುಕುವವರು ಮೇಲೆ ನೋಡುತ್ತಾರೆ. ನೋಡಬೇಕಾದ್ದು ಸೊಂಟ: ಪಟ್ಟಿ ಎಳೆದ ಕಡೆ ಬಟ್ಟೆ ಮುದ್ದೆಯಾಗಿರುತ್ತದೆ.

ಹಿಂದೆ ತಂತಿ ಕಾಣಬಾರದೆಂದು ತೆಳ್ಳಗಿನದನ್ನೇ ಬಳಸಿ, ಹೊಗೆ ಹಾಕಿ, ಬೆಳಕು ಮಿನುಗದ ಕೋನ ಹುಡುಕಬೇಕಿತ್ತು. ಹಾರಾಟ ಚಿಕ್ಕದಾಗಿರುತ್ತಿತ್ತು, ಕಟ್ ಬೇಗ ಬರುತ್ತಿತ್ತು. 1990ರ ದಶಕದ ಕೊನೆಗೆ ಕಂಪ್ಯೂಟರಿನಲ್ಲಿ ತಂತಿ ಅಳಿಸುವುದು ಸಲೀಸಾಯಿತು. ದಪ್ಪ ತಂತಿ ಹಾಕಬಹುದು, ಅಪಾಯ ಕಡಿಮೆ, ಹಾರಾಟ ಉದ್ದ. ಕಲಾವಿದರ ಮೈ ಉಳಿಯಿತು, ಒಳ್ಳೆಯದೇ. ಆದರೆ ತಂತಿಯ ಜೊತೆಗೆ ಭಾರವೂ ಅಳಿಸಿಹೋದ ಚಿತ್ರಗಳು ಆಮೇಲೆ ಸಾಲಾಗಿ ಬಂದವು.

ಭಾರ ಉಳಿಸಿಕೊಂಡ ಚಿತ್ರ 2000ದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’. ನಿರ್ದೇಶನ ಆಂಗ್ ಲೀ, ಸಾಹಸ ಯುವೆನ್ ವೂ-ಪಿಂಗ್. ಮೊದಲ ರಾತ್ರಿಯ ಬೆನ್ನಟ್ಟುವಿಕೆ ನೆನಪಿಸಿಕೊಳ್ಳಿ. ಕತ್ತಿ ಕದ್ದ ಮುಸುಕಿನ ಕಳ್ಳಿ ಗೋಡೆ ಹತ್ತಿ ಹಾರಲು ನೋಡುತ್ತಾಳೆ. ಯು ಶು ಲಿಯೆನ್ ಪಾತ್ರದ ಮಿಶೆಲ್ ಯೋ ಅವಳನ್ನು ಮತ್ತೆ ಮತ್ತೆ ಕೆಳಗೆಳೆಯುತ್ತಾಳೆ, ಮೇಲೇಳಲು ಹೊರಟ ಪಾದದ ಮೇಲೆ ತನ್ನ ಪಾದ ಊರಿ ಒತ್ತಿ ಹಿಡಿಯುತ್ತಾಳೆ. ಒಂದು ಹೆಜ್ಜೆಯಲ್ಲಿ ಎಷ್ಟೆಲ್ಲ ಗೊತ್ತಾಯಿತು ನೋಡಿ. ಹಾರಲು ನೆಲವನ್ನು ಒದೆಯಲೇಬೇಕು. ಕಿರಿಯವಳಿಗೆ ವಿದ್ಯೆ ಹೆಚ್ಚು, ಹಿರಿಯವಳಿಗೆ ಅನುಭವ ಹೆಚ್ಚು. ಒಬ್ಬಳಿಗೆ ತಪ್ಪಿಸಿಕೊಂಡು ಹೋಗುವ ಆಸೆ, ಇನ್ನೊಬ್ಬಳದು ನೆಲದ ಮೇಲಿನ ಬದುಕು. ಕೊನೆಯವರೆಗೂ ಕಥೆ ಇದೇ.

ಅದೇ ಇಬ್ಬರು ಮುಂದೆ ಆಯುಧಗಳಿಂದ ತುಂಬಿದ ಅಂಗಳದಲ್ಲಿ ಎದುರಾಗುತ್ತಾರೆ. ಕಳ್ಳಿಯ ಪಾತ್ರದ ಝಾಂಗ್ ಝಿಯಿ ಕೈಯಲ್ಲಿ ಏನನ್ನಾದರೂ ಕತ್ತರಿಸುವ ಆ ಕತ್ತಿ. ಶು ಲಿಯೆನ್ ಜೋಡಿ ಖಡ್ಗ ಎತ್ತಿಕೊಳ್ಳುತ್ತಾಳೆ, ಈಟಿ ಹಿಡಿಯುತ್ತಾಳೆ, ಕೊಕ್ಕೆಗತ್ತಿಗಳಿಗೆ ಬದಲಾಯಿಸುತ್ತಾಳೆ. ಒಂದು ಲೋಹದ ಆಯುಧವಂತೂ ಎತ್ತಲಾಗದಷ್ಟು ಭಾರವಾಗಿ ಅವಳನ್ನೇ ಕೆಳಕ್ಕೆ ಜಗ್ಗುತ್ತದೆ. ನಕ್ಕುಬಿಡುವ ಕ್ಷಣ ಅದು, ಆದರೆ ಇಡೀ ದೃಶ್ಯಕ್ಕೆ ತೂಕ ಬರುವುದೂ ಅಲ್ಲೇ. ಆಯುಧ ಬದಲಾದಂತೆ ಇಬ್ಬರ ನಡುವಿನ ಅಂತರ ಬದಲಾಗುತ್ತದೆ: ಈಟಿಗೆ ದೂರ, ಕೊಕ್ಕೆಗತ್ತಿಗೆ ಮಗ್ಗುಲು. ಅಂತರಕ್ಕೆ ತಕ್ಕಂತೆ ಕ್ಯಾಮೆರಾ ಹಿಂದೆ ಸರಿಯುತ್ತದೆ, ಹತ್ತಿರ ಬರುತ್ತದೆ. ಕೊನೆಗೆ ಮುರಿದ ಕತ್ತಿಯ ತುಂಡೇ ಹುಡುಗಿಯ ಕುತ್ತಿಗೆ ಮುಟ್ಟಿ ನಿಲ್ಲುತ್ತದೆ. ಶು ಲಿಯೆನ್ ಕೈ ತಡೆಯುತ್ತಾಳೆ. ಹುಡುಗಿ ಮಾತ್ರ ತಡೆಯದೆ ಅವಳ ತೋಳು ಸೀಳುತ್ತಾಳೆ. ಇಷ್ಟನ್ನು ಸಂಭಾಷಣೆಯಲ್ಲಿ ಬರೆಯಲು ಹೊರಟರೆ ಎರಡು ಪುಟ ಬೇಕು, ಆಗಲೂ ಅರ್ಧ ಸುಳ್ಳಾಗಿ ಕೇಳಿಸುತ್ತದೆ.

ಈ ಚಿತ್ರಕ್ಕೆ ನಾಲ್ಕು ಆಸ್ಕರ್ ಬಂದವು: ವಿದೇಶಿ ಭಾಷಾ ಚಿತ್ರ, ಛಾಯಾಗ್ರಹಣ, ಕಲಾ ನಿರ್ದೇಶನ, ಸಂಗೀತ. ಚೀನಾದ ಹಲವು ಪ್ರೇಕ್ಷಕರಿಗೆ ಮಾತ್ರ ಇದು ನಿಧಾನ ಎನಿಸಿತು. ಹಾಂಗ್‌ಕಾಂಗಿನ ಚೌ ಯುನ್-ಫಾಟ್, ಮಲೇಷ್ಯಾದ ಮಿಶೆಲ್ ಯೋ ಆಡುವ ಮ್ಯಾಂಡರಿನ್ ಕಿವಿಗೆ ಒಗ್ಗಲಿಲ್ಲ. ಸಬ್‌ಟೈಟಲ್ ಓದುವವರಿಗೆ ಆ ತೊಂದರೆ ಇಲ್ಲ. ತಿರುಳು ಸಿಗುವುದೂ ಸಿಗದಿರುವುದೂ ಕೂತ ಜಾಗದ ಮೇಲೆ ಸ್ವಲ್ಪ ನಿಂತಿದೆ.

ವೇಗ, ಕೋನ, ಸದ್ದು

ಫಿಲ್ಮ್ ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮಿನಂತೆ ಓಡುತ್ತದೆ. ಹೊಡೆದಾಟವನ್ನು 22 ಫ್ರೇಮಿನಲ್ಲಿ ಚಿತ್ರಿಸಿ 24ರಲ್ಲಿ ತೋರಿಸಿದರೆ ವೇಗ ಶೇ 9ರಷ್ಟು ಏರುತ್ತದೆ. 20ರಲ್ಲಿ ಚಿತ್ರಿಸಿದರೆ ಶೇ 20, 18ಕ್ಕೆ ಇಳಿಸಿದರೆ ಶೇ 33. 22ರಲ್ಲಿ ಮೋಸ ಗೊತ್ತಾಗುವುದಿಲ್ಲ. 18ಕ್ಕೆ ಬಂದರೆ ಹಳೆಯ ಮೂಕಿ ಹಾಸ್ಯಚಿತ್ರದ ಓಟ. ಹಿಡಿಯಬೇಕಾದರೆ ಮುಷ್ಟಿಯನ್ನು ನೋಡಬೇಡಿ, ನಿಲುವಂಗಿಯ ಅಂಚು, ಕೂದಲು, ಬೀಳುವ ನೀರು ನೋಡಿ. ಮನುಷ್ಯ ಬೇಗ ಕೈ ಬೀಸಬಹುದು, ನೀರು ತನ್ನ ವೇಗಕ್ಕೇ ಬೀಳಬೇಕು.

ತಿರುಗಾಮುರುಗಾ ಆದರೆ ಸ್ಲೋ ಮೋಷನ್. 72 ಫ್ರೇಮಿನಲ್ಲಿ ಚಿತ್ರಿಸಿದ ಒಂದು ಸೆಕೆಂಡು ತೆರೆಯಲ್ಲಿ ಮೂರು ಸೆಕೆಂಡು. ಬಟ್ಟೆ, ಎಲೆ, ಹನಿಗಳಿಗೆ ಇದು ವರ. ಏಟಿಗೆ ಶಾಪ. ನಿಜವಾದ ಏಟು ಬಿದ್ದಾಗ ಕೆನ್ನೆ ಅಲೆಯಂತೆ ಅಲುಗುತ್ತದೆ, ತಡೆದು ಹೊಡೆದಾಗ ಅಲುಗುವುದಿಲ್ಲ; ಮೂರು ಪಟ್ಟು ಹೊತ್ತು ತೋರಿಸಿದರೆ ಮಗುವಿಗೂ ತಿಳಿಯುತ್ತದೆ. ಆದ್ದರಿಂದಲೇ ಜಾಣ ನಿರ್ದೇಶಕರು ನಿಧಾನಗತಿಯನ್ನು ಏಟಿನ ಮುಂಚೆಯೋ ಆಮೇಲೋ ಇಡುತ್ತಾರೆ.

ಕೋನದ ಲೆಕ್ಕ ಇನ್ನೂ ಸರಳ. ಮುಷ್ಟಿ ಮುಖದಿಂದ ಒಂದು ಗೇಣು ದೂರದಲ್ಲಿ ಹಾದುಹೋಗುತ್ತದೆ. ಕ್ಯಾಮೆರಾ ಪಕ್ಕದಲ್ಲಿದ್ದರೆ ಆ ಗೇಣು ಕಾಣುತ್ತದೆ. ಹೊಡೆಯುವವನ ಹೆಗಲ ಹಿಂದಿದ್ದು, ಉದ್ದದ ಲೆನ್ಸ್ ಹಾಕಿದರೆ ಮುಷ್ಟಿಯೂ ಮುಖವೂ ಒಂದರ ಮೇಲೊಂದು ಕೂತು ಅಂತರ ಮಾಯ. ಪಕ್ಕದಿಂದ, ತಲೆಯಿಂದ ಪಾದದವರೆಗೆ, ಕಟ್ ಮಾಡದೆ ತೋರಿಸುವ ಧೈರ್ಯ ಇರುವುದು ನಿಜಕ್ಕೂ ಮೈಗೆ ಮೈ ತಾಗುವಂತೆ ಹೊಡೆದಾಡಬಲ್ಲ ನಟರಿದ್ದಾಗ ಮಾತ್ರ. ಹಳೆಯ ಹಾಂಗ್‌ಕಾಂಗ್ ಚಿತ್ರಗಳಿಗೆ ಮಾತು, ಸದ್ದು ಎರಡನ್ನೂ ಆಮೇಲೆ ಕೂರಿಸುತ್ತಿದ್ದರು. ಮುಷ್ಟಿ ಗಾಳಿ ಸೀಳುವ ಸದ್ದು, ತಾಗುವ ಸದ್ದು ಎಲ್ಲ ಸ್ಟುಡಿಯೋದ ಕೊಡುಗೆ. ಒಂದು ಹೊಡೆದಾಟವನ್ನು ಸದ್ದು ತೆಗೆದು ನೋಡಿ. ಅರ್ಧಕ್ಕರ್ಧ ಏಟು ಅಲ್ಲೇ ಸತ್ತುಹೋಗುತ್ತದೆ.

ಇಬ್ಬರು ಮೇಷ್ಟ್ರು

ಈ ಲೆಕ್ಕಗಳನ್ನೆಲ್ಲ ಎರಡು ವಿರುದ್ಧ ದಿಕ್ಕಿಗೆ ಎಳೆದ ನಿರ್ದೇಶಕರು ಕಿಂಗ್ ಹು ಮತ್ತು ಲಾವ್ ಕಾರ್-ಲ್ಯೂಂಗ್.

ಕಿಂಗ್ ಹು ಬೀಜಿಂಗಿನಲ್ಲಿ ಹುಟ್ಟಿ ಹಾಂಗ್‌ಕಾಂಗ್, ತೈವಾನ್‌ಗಳಲ್ಲಿ ಕೆಲಸ ಮಾಡಿದವರು. ತಾವು ಕುಂಗ್ ಫೂ ಬಲ್ಲವರೆಂದು ಅವರು ಹೇಳಿಕೊಳ್ಳಲಿಲ್ಲ. ಅವರಿಗೆ ಗೊತ್ತಿದ್ದದ್ದು ಹಾಡು, ಅಭಿನಯ, ಲಾಗಗಳು ಬೆರೆತ ಚೀನೀ ರಂಗಕಲೆ ಪೀಕಿಂಗ್ ಒಪೆರಾ. ಅದರಲ್ಲಿ ಚಲನೆ ಜಾಗಟೆ, ತಾಳಗಳ ಹೊಡೆತಕ್ಕೆ ಕಟ್ಟಿಕೊಂಡಿರುತ್ತದೆ: ಮಿಂಚಿನಂಥ ಸುತ್ತು, ಥಟ್ಟನೆ ಕಲ್ಲಾಗಿ ನಿಲ್ಲುವ ಭಂಗಿ, ಮತ್ತೆ ಸುತ್ತು. ಆ ನಿಲ್ಲುವಿಕೆಗೆ ‘ಲಿಯಾಂಗ್ ಶಿಯಾಂಗ್’ ಎಂದು ಹೆಸರು. ಒಪೆರಾದಲ್ಲಿ ಪಳಗಿದ ಹಾನ್ ಯಿಂಗ್-ಚಿಯೆ ಅವರ ಸಾಹಸ ನಿರ್ದೇಶಕ. 1966ರ ‘ಕಮ್ ಡ್ರಿಂಕ್ ವಿತ್ ಮಿ’ ಚಿತ್ರದ ನಾಯಕಿ ಚೆಂಗ್ ಪೇ-ಪೇ ನೃತ್ಯ ಕಲಿತವಳು, ಕತ್ತಿವರಸೆ ಕಲಿತವಳಲ್ಲ. ಆದರೂ ಆಕೆ ಹೋಟೆಲಿನ ಮೇಜಿನ ಮುಂದೆ ಸುಮ್ಮನೆ ಕೂತಾಗ ಸುತ್ತಲಿನವರಿಗೆ ಯಾಕೆ ನಡುಕ ಎನ್ನುವುದು ನಮಗೆ ಅರ್ಥವಾಗುತ್ತದೆ. ಕಿಂಗ್ ಹುಗೆ ಹೊಡೆತಕ್ಕಿಂತ ಹೊಡೆತದ ಮುಂಚಿನ ಮೌನ ಮುಖ್ಯ. ಇದೇ ಚೆಂಗ್ ಪೇ-ಪೇ 34 ವರ್ಷಗಳ ನಂತರ ಆಂಗ್ ಲೀ ಚಿತ್ರದಲ್ಲಿ ಜೇಡ್ ಫಾಕ್ಸ್ ಎಂಬ ಖಳನಾಯಕಿಯಾಗಿ ಬಂದದ್ದು ಕಾಕತಾಳೀಯವಲ್ಲ.

ಕಿಂಗ್ ಹು ಅವರ ‘ಎ ಟಚ್ ಆಫ್ ಝೆನ್’ ಮೂರು ಗಂಟೆಯ ಚಿತ್ರ. ಮೊದಲ ಹೊಡೆದಾಟ ಬರಲು ಸುಮಾರು ಒಂದು ಗಂಟೆ ಕಾಯಬೇಕು. ಬಿದಿರು ಮೆಳೆಯ ದೃಶ್ಯದಲ್ಲಿ ನಾಯಕಿ ಶೂ ಫೆಂಗ್ ತನ್ನ ಜೊತೆಗಾರನ ಮೈಯನ್ನೇ ಮೆಟ್ಟಿಲು ಮಾಡಿಕೊಂಡು ಬಿದಿರಿನ ತುದಿಗೆ ಏರಿ, ಅಲ್ಲಿಂದ ಕತ್ತಿ ಮುಂದೆ ಮಾಡಿ ತಲೆಕೆಳಗಾಗಿ ಎರಗುತ್ತಾಳೆ. ಚಿತ್ರೀಕರಿಸಿದ್ದು ಕುಪ್ಪಳಿಸುವ ಟ್ರ್ಯಾಂಪೋಲಿನ್‌ ಬಳಸಿ, ತುಂಡು ತುಂಡಾಗಿ. ಒಂದೊಂದು ತುಂಡು ಎಷ್ಟು ಚಿಕ್ಕದೆಂದರೆ ಕೆಲವು ಸೆಕೆಂಡಿನ ಮೂರನೇ ಒಂದು ಭಾಗವೂ ಇಲ್ಲ, ಅಂದರೆ 8 ಫ್ರೇಮಿಗಿಂತ ಕಡಿಮೆ. ಜಿಗಿತದ ಶುರು ಇದೆ, ನಡುವಿನದು ಇಲ್ಲ, ಎರಗಿದ್ದು ಇದೆ. ಬಿಟ್ಟ ಜಾಗವನ್ನು ನಮ್ಮ ಕಣ್ಣು ತುಂಬಿಕೊಳ್ಳುತ್ತದೆ. ಕ್ಯಾಮೆರಾಗೇ ಹಿಡಿಯಲು ಸಾಧ್ಯವಾಗದಷ್ಟು ವೇಗದವಳು ಇವಳು ಎನಿಸಿಬಿಡುತ್ತದೆ. 1975ರಲ್ಲಿ ಕಾನ್ ಚಿತ್ರೋತ್ಸವ ಇದಕ್ಕೆ ತಾಂತ್ರಿಕ ಪ್ರಶಸ್ತಿ ಕೊಟ್ಟಿತು. ಇಲ್ಲಿ ಇರುವುದು ಬರೀ ಶೈಲಿ, ಆದರೆ ಆ ಶೈಲಿಯಲ್ಲದೆ ಬೇರೆ ಯಾವುದರಿಂದಲೂ ಹೇಳಲಾಗದ ಸಂಗತಿ.

ಲಾವ್ ಕಾರ್-ಲ್ಯೂಂಗ್ ನೇರ ಎದುರು ದಡ. ಅವರದು ಹುಂಗ್ ಗಾರ್ ಎಂಬ ಕುಂಗ್ ಫೂ ಶೈಲಿಯ ಮನೆತನ: ಕಲಿತದ್ದು ತಂದೆಯಿಂದ, ತಂದೆ ಕಲಿತದ್ದು ಲಾಮ್ ಸೈ-ವಿಂಗ್ ಬಳಿ, ಲಾಮ್ ಕಲಿತದ್ದು ಹೆಸರಾಂತ ಗುರು ವಾಂಗ್ ಫೇ-ಹುಂಗ್ ಬಳಿ. ಈ ಪರಂಪರೆಯವನಿಗೆ ವರಸೆಯನ್ನು ಕಟ್ ಮಾಡಿ ಚೂರಾಗಿಸುವುದು ಅಪಚಾರ. 1978ರ ‘ದಿ 36ತ್ ಚೇಂಬರ್ ಆಫ್ ಶಾವೊಲಿನ್’ ನೋಡಿ. ಹೆಚ್ಚಿನ ಭಾಗ ಹೊಡೆದಾಟವೇ ಅಲ್ಲ, ಅಭ್ಯಾಸ. ನಾಯಕ ಗಾರ್ಡನ್ ಲ್ಯೂ ಕೈಗಳನ್ನು ಅಗಲಕ್ಕೆ ಚಾಚಿ ನೀರಿನ ಬಕೆಟ್ ಹೊರಬೇಕು. ತೋಳಿಗೆ ಕಟ್ಟಿದ ಚೂರಿಗಳ ಮೊನೆ ಪಕ್ಕೆಯ ಕಡೆಗಿದೆ. ಕೈ ಸೋತು ಇಳಿದರೆ ಚುಚ್ಚುತ್ತದೆ. ಮಾತು ಬೇಡ, ನೋವಿನ ಲೆಕ್ಕ ನಮಗೆ ಸಿಕ್ಕಿತು. ಕ್ಯಾಮೆರಾ ದೂರ ನಿಂತು ಅಗಲ ಪರದೆಯ ಚೌಕಟ್ಟಿನಲ್ಲಿ ಇಡೀ ಮೈ ತೋರಿಸುತ್ತದೆ. ಮುಂದೆ ತನ್ನನ್ನು ಸೋಲಿಸಿದ ಹಿರಿಯ ಭಿಕ್ಷುವನ್ನು ಎದುರಿಸಲು ಅವನು ಮೂರು ತುಂಡಿನ ದೊಣ್ಣೆ ಕಂಡುಹಿಡಿದಾಗ ಅದು ಆಕಾಶದಿಂದ ಬಿದ್ದದ್ದಲ್ಲ, ಸೋತು ಸೋತು ಹುಟ್ಟಿದ್ದು ಎಂದು ನಮಗೆ ಗೊತ್ತಿರುತ್ತದೆ. ಚಿತ್ರದ ಸೆಟ್ಟುಗಳು ಸ್ಟುಡಿಯೋ ಸೆಟ್ಟುಗಳ ಹಾಗೇ ಕಾಣುತ್ತವೆ, ಬೆಳಕು ಚಪ್ಪಟೆ. ಯಾರಿಗೂ ಬೇಸರವಾಗಿಲ್ಲ.

ಈಗ ‘ಹೀರೋ’

ಕ್ರಿ.ಪೂ. 227ರಲ್ಲಿ ಜಿಂಗ್ ಕೆ ಎಂಬವನು ಚಿನ್ ರಾಜನನ್ನು ಕೊಲ್ಲಲು ಹೋಗಿ ವಿಫಲನಾದ. ಆರು ವರ್ಷಕ್ಕೆ ಆ ರಾಜ ಏಳು ರಾಜ್ಯಗಳನ್ನೂ ಒಂದಾಗಿಸಿ ಚೀನಾದ ಮೊದಲ ಚಕ್ರವರ್ತಿಯಾದ. ‘ಹೀರೋ’ ಈ ಎಳೆಯನ್ನು ಹಿಡಿದು ಬೇರೆ ಕಥೆ ಕಟ್ಟುತ್ತದೆ. ಹೆಸರಿಲ್ಲದ ಕತ್ತಿಗಾರನೊಬ್ಬ (ಜೆಟ್ ಲೀ) ರಾಜನ ಮೂವರು ಶತ್ರುಗಳನ್ನು ಕೊಂದೆನೆಂದು ಹೇಳಿಕೊಂಡು ಅವನೆದುರು ಬಂದು ಕೂರುತ್ತಾನೆ. ಛಾಯಾಗ್ರಹಣ ಕ್ರಿಸ್ಟೋಫರ್ ಡಾಯ್ಲ್, ವಸ್ತ್ರ ಎಮಿ ವಾಡಾ, ಸಾಹಸ ಚಿಂಗ್ ಸ್ಯೂ-ತುಂಗ್.

ಬಣ್ಣಗಳ ಬಗ್ಗೆ ಬಹಳ ಜನ ತಪ್ಪಾಗಿ ಬರೆದಿದ್ದಾರೆ: ಕೆಂಪೆಂದರೆ ಪ್ರೇಮ, ನೀಲಿಯೆಂದರೆ ವಿವೇಕ ಎಂಬ ಪಟ್ಟಿ. ಅದು ಬೇಡ. ಬಣ್ಣ ಇಲ್ಲಿ ಮಾಡುವುದು ಸೂಚಿಯ ಕೆಲಸ. ಒಂದೇ ಘಟನೆಯನ್ನು ಬೇರೆ ಬೇರೆ ಬಾಯಿ ಹೇಳುತ್ತದೆ. ಕತ್ತಿಗಾರ ಹೇಳುವ ಸುಳ್ಳು ಕೆಂಪು: ಈರ್ಷ್ಯೆ, ವ್ಯಭಿಚಾರ, ಕೊಲೆ. ಅದನ್ನು ನಂಬದೆ ರಾಜ ಮಾಡುವ ಊಹೆ ನೀಲಿ. ಕೊನೆಗೆ ಬರುವ ನಿಜ ಬಿಳಿ. ಅದರೊಳಗಿನ ಹಿಂದಿನ ಕಥೆ ಹಸಿರು. ಆಸ್ಥಾನ ಕಪ್ಪು. ಇಷ್ಟು ತೊಡಕಿನ ಕಥೆಯಲ್ಲಿ ಯಾರ ಬಾಯಲ್ಲಿದ್ದೇವೆ ಎಂದು ಪ್ರೇಕ್ಷಕ ಒಮ್ಮೆಯೂ ದಾರಿ ತಪ್ಪುವುದಿಲ್ಲ. ವಸ್ತ್ರ, ಪರದೆ, ಗೋಡೆ, ಮೇಣದಬತ್ತಿ ಎಲ್ಲ ಸೇರಿ ವ್ಯಾಕರಣದ ವಿಭಕ್ತಿಯ ಕೆಲಸ ಮಾಡುತ್ತವೆ. ಇದನ್ನು ಟೊಳ್ಳು ಎನ್ನುವವರು ವಾಕ್ಯ ಓದದೆ ಅಕ್ಷರದ ಅಂದ ಮಾತ್ರ ನೋಡಿದವರು.

ಕೆಂಪು ಸುಳ್ಳಿನೊಳಗೇ ಬರುವ ಹಳದಿ ಎಲೆಗಳ ಕಾಳಗ ಎಲ್ಲರಿಗೂ ನೆನಪು. ಒಳ ಮಂಗೋಲಿಯಾದ ಪಾಪ್ಲರ್ ಕಾಡು. ಎಲೆ ಹಣ್ಣಾಗಿ ಉದುರುವ ಕೆಲವೇ ದಿನಗಳಿಗೆ ಕಾದು ಚಿತ್ರೀಕರಿಸಿದರು. ಉದುರಿದ ಎಲೆಗಳನ್ನು ಗುಣಮಟ್ಟ ನೋಡಿ ಬೇರೆ ಬೇರೆ ಮಾಡಿದರು: ಉತ್ತಮವಾದವು ನಟಿಯರ ಮುಖದ ಹತ್ತಿರ ತೂರಲು, ಕಳಪೆಯವು ನೆಲಕ್ಕೆ ಹಾಸಲು. ಅಡಿಕೆಯನ್ನು ರಾಶಿ, ಬೆಟ್ಟೆ ಎಂದು ವಿಂಗಡಿಸಿದಷ್ಟೇ ಶಿಸ್ತು. ಕೊನೆಗೆ ಹಳದಿಯೆಲ್ಲ ರಕ್ತಗೆಂಪಿಗೆ ತಿರುಗುತ್ತದೆ. ಅತಿಯಾಯಿತು ಅನಿಸುತ್ತದೆಯೇ? ಅತಿಯೇ. ಇದು ಹೇಳುತ್ತಿರುವವನ ಕಟ್ಟುಕಥೆ. ಅದು ಮೆಲೋಡ್ರಾಮಾ ಆಗಿರುವುದರಿಂದಲೇ ರಾಜನಿಗೆ ಅನುಮಾನ ಬರುವುದು. ಅತಿರೇಕವೇ ಇಲ್ಲಿ ಸುಳಿವು.

ಹಾಗಾದರೆ ಎಡವಿದ್ದೆಲ್ಲಿ? ನಾಲ್ಕು ಪ್ರಶ್ನೆಯಲ್ಲಿ ಭಾರ ಮತ್ತು ಬೆಲೆ ಎಂಬ ಎರಡರಲ್ಲಿ. ಜಿಯುಝೈಗೌ ಕಣಿವೆಯ ಸರೋವರದ ಮೇಲೆ ಜೆಟ್ ಲೀ, ಟೋನಿ ಲ್ಯೂಂಗ್ ಹಕ್ಕಿಗಳಂತೆ ತೇಲುತ್ತಾರೆ. ಗಾಳಿ ಏಳದೆ ನೀರು ಕನ್ನಡಿಯಂತಿರುವುದು ದಿನದ ಕೆಲವೇ ಗಂಟೆ. ಅಷ್ಟರಲ್ಲೇ ಚಿತ್ರಿಸಿದ ಅಪರೂಪದ ಬಿಂಬ ಅದು. ಆದರೆ ಯಾರು ಮೇಲುಗೈ, ಯಾರು ದಣಿದರು, ಯಾವ ಹೊಡೆತ ಯಾಕೆ ತಪ್ಪಿತು, ಒಂದೂ ತಿಳಿಯದು. ಎಲ್ಲರೂ ಒಂದೇ ಸಮ ಹಾರುವ ಲೋಕದಲ್ಲಿ ಹಾರುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಇದಕ್ಕೆ ಹೋಲಿಸಿ ಅದೇ ಚಿತ್ರದ ಮೊದಲ ಕಾಳಗ ನೋಡಿ: ಮಳೆ ಸುರಿಯುವ ಅಂಗಳ, ಕುರುಡು ಮುದುಕನ ತಂತಿವಾದ್ಯ, ಜೆಟ್ ಲೀಯ ಕತ್ತಿಗೆ ಎದುರಾಗಿ ಡಾನಿ ಯೆನ್ನನ ಈಟಿ. ಇಬ್ಬರೂ ಹುಟ್ಟು ಕಸುಬಿನವರು. ಜೆಟ್ ಲೀ ಬೀಜಿಂಗಿನ ವುಶು (ಚೀನೀ ಸಮರಕಲೆ ಕ್ರೀಡೆ) ತಂಡದಿಂದ ರಾಷ್ಟ್ರೀಯ ಚಾಂಪಿಯನ್ ಆಗಿ ಬಂದವರು; ಇದೇ ಜೋಡಿ 1992ರಲ್ಲೂ ತೆರೆಯಲ್ಲಿ ಎದುರಾಗಿತ್ತು. ಈಟಿಯ ಉದ್ದವನ್ನು ಕತ್ತಿ ಹೇಗೆ ದಾಟಬೇಕು ಎಂಬ ಒಂದೇ ಪ್ರಶ್ನೆಯ ಸುತ್ತ ಚಲನೆಯೆಲ್ಲ ಕಟ್ಟಿದೆ. ಆಮೇಲೆ ಇಬ್ಬರೂ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕಾದಾಡುತ್ತಾರೆ, ಅದು ಕಪ್ಪುಬಿಳುಪು. ವಾದ್ಯದ ತಂತಿ ಹರಿದಾಗ ಕಾಳಗ ಬಣ್ಣಕ್ಕೆ ಮರಳಿ ಒಂದೇ ಏಟಿಗೆ ಮುಗಿಯುತ್ತದೆ. ಅಂದವೂ ಉಂಟು, ಲೆಕ್ಕವೂ ಉಂಟು.

ಇನ್ನೊಂದು ತಕರಾರು ಹೆಚ್ಚು ಗಂಭೀರ. ಕೊನೆಗೆ ಕತ್ತಿಗಾರ ರಾಜನನ್ನು ಕೊಲ್ಲದೆ ಬಿಡುತ್ತಾನೆ. ‘ತಿಯೆನ್‌ಶಿಯಾ’, ಆಕಾಶದ ಕೆಳಗಿರುವುದೆಲ್ಲ ಒಂದಾಗಲಿ ಎಂಬ ಕಾರಣಕ್ಕೆ. ನಿರಂಕುಶ ಅರಸನಿಗೆ ಬಹುಪರಾಕ್ ಎಂದು ಹಲವರು ಸಿಟ್ಟಾದರು. 2004ರಲ್ಲಿ ಅಮೆರಿಕದಲ್ಲಿ ತೆರೆಕಂಡಾಗ ಆ ಪದ ಸಬ್‌ಟೈಟಲಿನಲ್ಲಿ ‘ನಮ್ಮ ನಾಡು’ ಎಂದು ಮೆತ್ತಗಾಯಿತು. ಈ ಸಿಟ್ಟು ನ್ಯಾಯವಾದದ್ದೇ, ಆದರೆ ಇದನ್ನೂ ‘ತಿರುಳಿಲ್ಲ’ ಎಂಬ ದೂರನ್ನೂ ಒಂದೇ ಉಸಿರಿನಲ್ಲಿ ಹೇಳಲಾಗದು. ತಿರುಳಿದೆ, ಅದು ಹಿಡಿಸಲಿಲ್ಲ ಎನ್ನಿ. ಕತ್ತಿಗಾರನ ಸಾವನ್ನು ಚಿತ್ರ ತೋರಿಸುವುದು ಹೀಗೆ: ಕೋಟೆಯ ಬಾಗಿಲ ತುಂಬ ನೆಟ್ಟ ಸಾವಿರಾರು ಬಾಣ, ನಡುವೆ ಒಬ್ಬ ಮನುಷ್ಯ ನಿಂತಿದ್ದ ಆಕಾರದಷ್ಟು ಖಾಲಿ ಜಾಗ. ರಾಜ್ಯ ಎಲ್ಲವನ್ನೂ ತುಂಬಿದ ಮೇಲೆ ವ್ಯಕ್ತಿ ಒಂದು ತೂತಾಗಿ ಉಳಿಯುತ್ತಾನೆ. ನಿರ್ದೇಶಕ ಬಾಯಲ್ಲಿ ಹೊಗಳಿದ್ದನ್ನು ಅವನ ಚಿತ್ರ ಒಳಗೊಳಗೇ ಪ್ರಶ್ನಿಸುತ್ತಿದೆಯೇ ಎಂದು ಅನುಮಾನ ಬರುವುದು ಆ ಶಾಟಿನಲ್ಲಿ.

ಬಣ್ಣ ಹೆಚ್ಚಾದ ಮೇಲೆ, ಬಣ್ಣ ಬಿಟ್ಟ ಮೇಲೆ

‘ಹೀರೋ’ ಗಳಿಕೆ ಕಂಡು ಚೀನಾದಲ್ಲಿ ಭಾರೀ ಬಜೆಟ್ಟಿನ ಅರಮನೆ ಚಿತ್ರಗಳ ಸಾಲೇ ಬಂತು. 2005ರಲ್ಲಿ ಚೆನ್ ಕೈಗೆ ಅವರ ‘ದಿ ಪ್ರಾಮಿಸ್’ ಬಂದಾಗ ಪ್ರೇಕ್ಷಕರ ತಾಳ್ಮೆ ಮುಗಿದಿತ್ತು. ಹು ಗೆ ಎಂಬ ಯುವಕ ಅದರ ದೃಶ್ಯಗಳನ್ನೇ ಕತ್ತರಿಸಿ, ಒಂದು ಹಬೆಬನ್ನಿಗಾಗಿ ನಡೆದ ಕೊಲೆಯ ಸುದ್ದಿ ಕಾರ್ಯಕ್ರಮವಾಗಿ ಜೋಡಿಸಿ ಇಂಟರ್ನೆಟ್ಟಿಗೆ ಬಿಟ್ಟ. ಸುಮಾರು 20 ನಿಮಿಷದ ಆ ಅಣಕ ದೇಶವೆಲ್ಲ ಹರಿದಾಡಿತು. ನಿರ್ದೇಶಕರು ಕೋರ್ಟಿನ ಮಾತೆತ್ತಿದರು. ಅಣಕ ಅಷ್ಟು ಚೆನ್ನಾಗಿ ಕೂತದ್ದಕ್ಕೆ ಕಾರಣ ಸರಳ: ಮೂಲ ಚಿತ್ರದ ಶಾಟ್‌ಗಳು ತಮ್ಮ ಕಥೆಗೆ ಎಷ್ಟು ಸಡಿಲವಾಗಿ ಅಂಟಿಕೊಂಡಿದ್ದವೆಂದರೆ ಯಾವ ಕಥೆಗೆ ಬೇಕಾದರೂ ಅಂಟುತ್ತಿದ್ದವು.

ಝಾಂಗ್ ಯಿಮೌ ಅವರದೇ 2006ರ ‘ಕರ್ಸ್ ಆಫ್ ದಿ ಗೋಲ್ಡನ್ ಫ್ಲವರ್’ ಚಿನ್ನದ ಹೊರೆಯಲ್ಲಿ ಉಸಿರು ಕಟ್ಟುತ್ತದೆ. ಆದರೂ ಅದರಲ್ಲಿ ಒಂದು ಭಾಗ ಮರೆಯಲಾಗದು. ಅಂಗಳದಲ್ಲಿ ದಂಗೆಯ ಸಾವಿರಾರು ಹೆಣ. ಅದು ಮುಗಿದದ್ದೇ ಆಳುಗಳು ಬಂದು ರಕ್ತ ತೊಳೆದು, ಹೊಸ ಹಾಸು ಹಾಸಿ, ಸೇವಂತಿಗೆಯ ಹೊಸ ಕುಂಡಗಳನ್ನು ಸಾಲಾಗಿ ಇಟ್ಟು ಹೋಗುತ್ತಾರೆ. ಹಬ್ಬ ಹೊತ್ತಿಗೆ ಸರಿಯಾಗಿ ಶುರು. ಆ ಚಿತ್ರಕ್ಕೆ ಹೇಳಲು ಇದ್ದದ್ದು ಅದೊಂದೇ ಮಾತು, ಹೇಳಿದ್ದು ಅಲಂಕಾರದ ಮೂಲಕವೇ.

2018ರ ‘ಶ್ಯಾಡೋ’ದಲ್ಲಿ ಅವರು ಬಣ್ಣವನ್ನೇ ಬಿಟ್ಟರು. ಬಟ್ಟೆ, ಪರದೆ, ನೆಲ ಎಲ್ಲ ಶಾಯಿ ತೊಳೆದ ಕಪ್ಪು, ಬೂದಿ, ಬಿಳಿ. ಬಣ್ಣ ಉಳಿದದ್ದು ಚರ್ಮಕ್ಕೆ ಮತ್ತು ರಕ್ತಕ್ಕೆ. ಚಿತ್ರ ಮುಗಿಯುವವರೆಗೂ ಮಳೆ. ಎದುರಾಳಿಯದು ಉದ್ದನೆಯ ದಪ್ಪ ಖಡ್ಗ, ನೇರ ಗಂಡುಶಕ್ತಿ. ಅದಕ್ಕೆ ಎದುರಾಗಿ ಸೇನಾಪತಿಯ ಹೆಂಡತಿ ಕಂಡುಕೊಳ್ಳುವುದು ಅಲಗುಗಳಿಂದಲೇ ಮಾಡಿದ ಛತ್ರಿಯನ್ನು ಹೆಂಗಸಿನ ಬಳುಕಿನಲ್ಲಿ ತಿರುಗಿಸುವ ವರಸೆ. ಸೊಂಟ ಸಡಿಲ, ಭುಜ ಇಳಿದು, ಹೊಡೆತವನ್ನು ತಡೆಯದೆ ಛತ್ರಿಯ ಮೇಲಿಂದ ನೀರಿನ ಹಾಗೆ ಜಾರಿಸುವುದು. ಛತ್ರಿ ಯಾಕೆ, ಮಳೆ ಯಾಕೆ, ಕಪ್ಪುಬಿಳುಪು ಯಾಕೆ ಎಂಬ ಮೂರಕ್ಕೂ ಯಿನ್-ಯಾಂಗ್ (ಹೆಣ್ಣು-ಗಂಡು, ಕಪ್ಪು-ಬಿಳುಪಿನಂಥ ಜೋಡಿ ಶಕ್ತಿಗಳು) ಎಂಬ ಒಂದೇ ಉತ್ತರ, ಅದೂ ಮೈಯಲ್ಲಿ. 16 ವರ್ಷದ ಹಿಂದೆ ಸರೋವರದ ಮೇಲೆ ಕಳೆದುಕೊಂಡ ಭಾರ ಇಲ್ಲಿ ಅವರಿಗೆ ವಾಪಸು ಸಿಕ್ಕಿತು.

ವಾಂಗ್ ಕಾರ್-ವೈ ಅವರ ‘ದಿ ಗ್ರ್ಯಾಂಡ್‌ಮಾಸ್ಟರ್’ (2013) ಅರ್ಧಕ್ಕರ್ಧ ಕಿಟಕಿಗಾಜು, ಹೊಗೆ, ಹನಿ. ಕೆಲವು ಕಾಳಗಗಳಲ್ಲಿ ಯಾರ ಕೈ ಯಾರದೆಂದು ತಿಳಿಯದಷ್ಟು ಹತ್ತಿರದ ಶಾಟ್‌ಗಳು. ಅಲ್ಲಿ ನನ್ನ ಮತ ಅದರ ವಿರುದ್ಧ. ಆದರೆ ಕುಂಗ್ ಫೂ ಗುರು ಇಪ್ ಮಾನ್ ಮತ್ತು ಇನ್ನೊಬ್ಬ ಗುರುವಿನ ಮಗಳು ಗೊಂಗ್ ಎರ್ ಚಿನ್ನದ ಮಂಟಪದಲ್ಲಿ ಎದುರಾಗುವ ಮುಂಚೆ ಒಂದು ಷರತ್ತು ಬರುತ್ತದೆ: ಮನೆಯ ಯಾವ ವಸ್ತುವಾದರೂ ಮುರಿದರೆ ಇಪ್ ಮಾನ್ ಸೋತ ಹಾಗೆ. ಆ ಕ್ಷಣದಿಂದ ಸೆಟ್ಟಿನ ಒಂದೊಂದು ಕುಸುರಿಯೂ ಕಾಳಗದ ಪಾಲುದಾರ. ಗಾಜು, ಕಟಾಂಜನ, ಮೆಟ್ಟಿಲು ಎಲ್ಲದರ ಮೇಲೂ ನಮ್ಮ ಕಣ್ಣು ಇರುತ್ತದೆ. ಕೊನೆಗೆ ಮುರಿಯುವುದು ಕಾಲಡಿಯ ಒಂದು ಮರದ ಹಲಗೆ.

ಹೌ ಶಿಯಾವೋ-ಶಿಯೆನ್ ‘ದಿ ಅಸ್ಯಾಸಿನ್’ ಚಿತ್ರಕ್ಕೆ 2015ರಲ್ಲಿ ಕಾನ್‌ನಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆದರು. ಅದರಲ್ಲಿ ಹೊಡೆದಾಟಗಳು ಉಸಿರೆಳೆದು ಬಿಡುವಷ್ಟರಲ್ಲಿ ಮುಗಿಯುತ್ತವೆ. ರೇಷ್ಮೆ ಪರದೆ ಅಲುಗುವುದನ್ನು, ಹುಳುಗಳ ಸದ್ದನ್ನು ಕಾಯುತ್ತ ಕೂರಬೇಕು. ಕೆಲವರು ನಿದ್ದೆ ಹೋಗುತ್ತಾರೆ, ತಪ್ಪೇನಿಲ್ಲ. ಎಚ್ಚರವಿದ್ದವರಿಗೆ ಬರ್ಚ್ ಮರಗಳ ಕಾಡಿನ ಒಂದು ದೃಶ್ಯವಿದೆ. ಶು ಚಿ ನಟಿಸಿದ ಹಂತಕಿ, ಮುಖವಾಡ ತೊಟ್ಟ ಇನ್ನೊಬ್ಬ ಹೆಣ್ಣು. ಕೆಲವೇ ಹೊಡೆತ, ಲೋಹಕ್ಕೆ ಲೋಹ ತಾಗಿದ ಸದ್ದು, ಮತ್ತೆ ಗಾಳಿ. ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದು ನಡೆಯುತ್ತಾರೆ. ಯಾರು ಗೆದ್ದರೆಂದು ಯಾರೂ ಹೇಳುವುದಿಲ್ಲ. ನೆಲದ ಮೇಲೆ ಸೀಳಿದ ಮುಖವಾಡ ಬಿದ್ದಿದೆ.